ನಡುವಿನ ಸ್ವಿಚ್ಚು

ಸುಜಾತಾ, ಶಿಗ್ಗಾಂವದ ಕಾಲೇಜಿನಲ್ಲಿ ಅಂದು ಪರೀಕ್ಷೆ ನಿಂತುಹೋದದ್ದು ನನ್ನಿಂದ. ನಿನ್ನಿಂದಲ್ಲ. ಇದು ನನಗೆ ಅಂದೇ, ಸ್ವಿಚ್ಚುಗಳಿದ್ದ ಕೋಣೆಗೆ ಕಾಲಿಟ್ಟ ಹತ್ತು ನಿಮಿಷದಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ. ಆಮೇಲೆ ಏಳು ವರ್ಷ ಬಾಯಿ ಮುಚ್ಚಿಕೊಂಡು ಕೂತೆ — ಕೂತೆ ಎನ್ನುವುದೂ ಸುಳ್ಳೇ, ಆ ಏಳು ವರ್ಷದಲ್ಲಿ ನನಗೆ ಎರಡು ಸಲ ಬಡ್ತಿ ಸಿಕ್ಕಿತು.

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೇಲೆ ಪ್ರೀತಿ ಉಕ್ಕಿ ಇದನ್ನು ಬರೆಯುತ್ತಿಲ್ಲ. ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೋದ ತಿಂಗಳು ಹಾನಗಲ್ಲಿನಲ್ಲಿ ನಿನ್ನ ಅಂಗಡಿಯ ಬೋರ್ಡು ಕಣ್ಣಿಗೆ ಬಿದ್ದಾಗ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಇವಳು ಇನ್ನೂ ಇದೇ ಕಸುಬಿನಲ್ಲಿದ್ದಾಳಲ್ಲ ಎಂಬ ಸಿಟ್ಟು. ಅನ್ಯಾಯ ಮಾಡಿದವನಿಗೇ ಸಿಟ್ಟು ಹೇಗೆ ಉಳಿಯುತ್ತದೆ ಎಂದು ಕೇಳಬೇಡ. ಉಳಿಯುತ್ತದೆ.

ನಾನು ಸವಣೂರಿನವನು, ಹೊಲಮನೆ ಇದ್ದ ಮನೆತನದವನು. ನಾಲ್ಕು ತಾಲ್ಲೂಕಿನ ಕಾಲೇಜು, ಸೊಸೈಟಿ, ಗೋದಾಮುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಸಣ್ಣ ಕಂಪನಿಯಲ್ಲಿ ನಾನು ಹಿರಿಯ. ನೀನು ತಿಳವಳ್ಳಿಯಿಂದ ಡಿಪ್ಲೊಮಾ ಮುಗಿಸಿ ಬಂದವಳು. ನಿಮ್ಮಪ್ಪ ದುರ್ಗಪ್ಪ ಅದೇ ಶಿಗ್ಗಾಂವದ ಕಾಲೇಜಿನಲ್ಲಿ ಸಿಪಾಯಿ. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡ ಜನ ನೀವು. ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ — ಬರೆಯದಿದ್ದರೆ ಅರ್ಧ ಸತ್ಯ ಬಚ್ಚಿಟ್ಟಂತೆ. ನಿಮ್ಮ ಓಣಿಯ ಹುಡುಗಿಗೆ ನನಗಿಂತ ಹೆಚ್ಚು ತಿಳಿದಿದೆ ಎಂಬುದು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅದು ಮೊದಲ ಸಲ ಎಲ್ಲರೆದುರು ಬಯಲಾದದ್ದು ಆ ಕಾಲೇಜಿನಲ್ಲೇ. ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಡಬ್ಬಿಗಳು, ಅಂದರೆ ನೆಟ್‌ವರ್ಕ್ ಸ್ವಿಚ್ಚುಗಳು, ಅಲ್ಲಿ ಮೂರು; ಅವನ್ನು ಜೋಡಿಸಿ ಒಂದೇ ಸ್ವಿಚ್ಚಿನಂತೆ ನಡೆಸುವ ಕೆಲಸ. ಅದಕ್ಕೆ ನಾವು ಸ್ಟ್ಯಾಕಿಂಗ್ ಎನ್ನುತ್ತೇವೆ. ಒಂದು ಯಜಮಾನ, ಉಳಿದೆರಡು ಅದು ಹೇಳಿದಂತೆ ಕೇಳುತ್ತವೆ. ಮೂರನ್ನೂ ಸಾಲಾಗಿ ಜೋಡಿಸಬಹುದು, ಇಲ್ಲವೆ ಕೊನೆಯದರಿಂದ ಮೊದಲನೆಯದಕ್ಕೆ ಇನ್ನೊಂದು ಕೇಬಲ್ ಎಳೆದು ಉಂಗುರ ಮಾಡಬಹುದು. ನಾನು ಸಾಲು ಸಾಕು ಎಂದೆ. ನೀನು ಪ್ರಾಚಾರ್ಯರ ಮುಂದೆಯೇ ಬಾಯಿ ಹಾಕಿದೆ.

"ಸಾಲು ಮಾಡಿದ್ರ, ನಡುವಿಂದು ಕೆಟ್ಟ ದಿನ ಮೂರನೇದು ಒಂಟಿ ಬೀಳ್ತೈತ್ರಿ ಸರ್. ಉಂಗುರ ಮಾಡೂಣ್ರಿ."

ಪ್ರಾಚಾರ್ಯರು ನನ್ನ ಕಡೆ ನೋಡಲೂ ಇಲ್ಲ. "ಅಕಿ ಹೇಳಿದಂಗ ಮಾಡ್ರಿ" ಎಂದರು. ಉಂಗುರ ಆರಿಸಿದವಳು ನೀನು, ಸೆಟ್ಟಿಂಗ್ ಹಾಕಿದವಳು ನೀನು. ನಾನು ಸ್ಕ್ರೂಡ್ರೈವರ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಂದಿನಿಂದ ನಿನ್ನ ಕೈಯಿಂದ ಒಂದು ತಪ್ಪಾಗಲಿ ಎಂದು ಕಾಯುತ್ತಾ ಹೋದೆ. ಅದಾಗಲಿಲ್ಲ.

ಮುಂದಿನ ವರ್ಷ ನಡುವಿನ ಸ್ವಿಚ್ಚೇ ಸುಟ್ಟುಹೋಯಿತು. ನೀನು ಹೇಳಿದಂತೆ, ಉಂಗುರದ ದೆಸೆಯಿಂದ ಉಳಿದೆರಡು ನಡೆಯುತ್ತಲೇ ಇದ್ದವು. ಅದೂ ನನಗೆ ಉರಿ. ಹಿರೇಕೆರೂರಿನ ಗೋವಿನಜೋಳದ ಗೋದಾಮಿನಿಂದ ಬಿಚ್ಚಿ ತಂದಿದ್ದ ಹಳೆಯ ಸ್ವಿಚ್ಚೊಂದು ನಮ್ಮ ಆಫೀಸಿನಲ್ಲಿತ್ತು. ಅದನ್ನೇ ಬೈಕಿಗೆ ಕಟ್ಟಿಕೊಂಡು ಹೊರಟೆ. ಗೋದಾಮಿನಲ್ಲಿ ಅದು ಯಜಮಾನನ ಜಾಗದಲ್ಲಿದ್ದದ್ದು. ಅದರೊಳಗೆ ಗೋದಾಮಿನ ಸೆಟ್ಟಿಂಗು ಹಾಗೆಯೇ ಇತ್ತು, ಪ್ರಯಾರಿಟಿಯ ಅಂಕಿಯೂ ಎಲ್ಲಕ್ಕಿಂತ ಮೇಲಿತ್ತು. ಎಲ್ಲ ಸ್ವಿಚ್ಚುಗಳೂ ಒಟ್ಟಿಗೆ ಚಾಲೂ ಆದಾಗ ಯಾವುದರ ಅಂಕಿ ದೊಡ್ಡದೋ ಅದೇ ಯಜಮಾನ, ಅದರ ಸೆಟ್ಟಿಂಗೇ ಎಲ್ಲದಕ್ಕೂ. ಆದ್ದರಿಂದ ಹಳೆಯದನ್ನು ಒಂಟಿಯಾಗಿ ಟೇಬಲ್ಲಿನ ಮೇಲಿಟ್ಟು, ಪೂರ್ತಿ ಅಳಿಸಿ, ಆಮೇಲೆ ಜೋಡಿಸಬೇಕು. ಹತ್ತು ನಿಮಿಷದ ಕೆಲಸ.

ನೀನು ಹಾನಗಲ್ಲಿನ ಕೆಲಸದಲ್ಲಿದ್ದವಳು ಫೋನು ಮಾಡಿದೆ. "ಸರ್, ಅದನ್ನ ಮೊದಲ ಪೂರ್ತಿ ಅಳಸ್ರಿ. ಪ್ರಯಾರಿಟಿ ಕಡಿಮಿ ಇಡ್ರಿ. ಇಲ್ಲಂದ್ರ ಕರೆಂಟ್ ಹೋಗಿ ಬಂದ ದಿನ ತ್ರಾಸ ಆಕ್ಕೈತಿ."

"ನನಗ ಕಲಸಾಕ ಬರಬ್ಯಾಡ" ಎಂದು ಫೋನಿಟ್ಟೆ.

ಅವಸರವಿತ್ತು ಎಂದು ಬರೆಯಬಹುದಿತ್ತು. ಇರಲಿಲ್ಲ. ಮರೆತೆ ಎನ್ನಬಹುದಿತ್ತು. ಮರೆತಿರಲಿಲ್ಲ. ನೀನು ಹೇಳಿದೆ ಎಂಬ ಒಂದೇ ಕಾರಣಕ್ಕೆ ಅಳಿಸಲಿಲ್ಲ. ಬೈಕಿನಿಂದ ಆ ಡಬ್ಬಿಯನ್ನು ಇಳಿಸಿ, ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿ ತಂದುಕೊಟ್ಟವರು ನಿಮ್ಮಪ್ಪ. ಕೋಣೆಯ ಬೀಗ ತೆಗೆದವರೂ ಅವರೇ. ಜೋಡಿಸಿದೆ. ಉಳಿದ ಸ್ವಿಚ್ಚುಗಳು ಆಗಲೇ ನಡೆಯುತ್ತಿದ್ದವಲ್ಲ, ಅಲ್ಲಿ ಮೊದಲಿಂದ ಇದ್ದ ಯಜಮಾನ ಸ್ವಿಚ್ಚಿನ ಮಾತೇ ನಡೆಯಿತು. ಎಲ್ಲ ಸರಿಯಾಗಿ ಕಂಡಿತು. ನೋಡು, ಏನೂ ಆಗಲಿಲ್ಲ ಎಂದು ಮನಸ್ಸಿನಲ್ಲೇ ನಿನಗೆ ಹೇಳಿ, ಚಹಾ ಕುಡಿದು ಬಂದೆ.

ಮೂರು ವಾರದ ಮೇಲೆ ಆನ್‌ಲೈನ್ ಪರೀಕ್ಷೆ. ಕಂಪ್ಯೂಟರುಗಳ ಮುಂದೆ ಮಕ್ಕಳು ಕೂತಿದ್ದಾರೆ, ಕರೆಂಟು ಹೋಯಿತು, ಜನರೇಟರ್ ಹತ್ತಿತು. ಸ್ವಿಚ್ಚುಗಳು ಮೂರೂ ಒಟ್ಟಿಗೆ ಚಾಲೂ ಆದವು. ಹಿರೇಕೆರೂರಿನದು ಯಜಮಾನ ಆಯಿತು. ಆ ಗೋದಾಮಿನ ಸೆಟ್ಟಿಂಗು ಇಡೀ ಕಾಲೇಜಿನ ಮೇಲೆ ಕೂತಿತು. ಒಂದು ಕಂಪ್ಯೂಟರೂ ಹೊರಗಿನ ಸರ್ವರಿಗೆ ತಲುಪಲಿಲ್ಲ. ಪರೀಕ್ಷೆ ರದ್ದಾಯಿತು. ಹುಡುಗಿಯರು ಅಳುತ್ತಿದ್ದರು, ತಂದೆತಾಯಿ ಗೇಟಿನಲ್ಲಿ ಕೂಗಾಡುತ್ತಿದ್ದರು.

ನಾನು ಸವಣೂರಿನಿಂದ ಓಡಿದೆ. ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರೆ ಯಜಮಾನನ ಜಾಗದಲ್ಲಿ ನಾನು ಜೋಡಿಸಿದ್ದ ನಡುವಿನದು. ಮೊದಲು ಅದರ ಅಂಕಿ ಇಳಿಸಿದೆ, ನಿನ್ನ ಸೆಟ್ಟಿಂಗನ್ನೇ ಮತ್ತೆ ಹಾಕಿದೆ — ನೀನು ಇಟ್ಟಿದ್ದ ನಕಲಿನಿಂದಲೇ, ಅದನ್ನೂ ಹೇಳಬೇಕು. ಆಮೇಲೆ ಲಾಗ್ ಅಳಿಸಿದೆ. ಯಾವುದು ಯಾವಾಗ ಯಜಮಾನ ಆಯಿತು ಎಂದು ತೋರಿಸುವ ಸಾಲುಗಳು ಅದರಲ್ಲಿ ಮಾತ್ರ ಇದ್ದವು. ಅಳಿಸಬೇಕಾದಾಗ ಅಳಿಸದ ಕೈ, ಆಗ ಅಳಿಸಿತು.

ಪ್ರಾಚಾರ್ಯರು ಬಾಗಿಲಲ್ಲಿ ನಿಂತು ಕೇಳಿದರು, "ಯಾರ್ ಮಾಡಿದ್ದ್ರಿ ಇದು?"

"ಸ್ಟ್ಯಾಕಿಂಗ್ ಮಾಡಿದಾಕಿ ಸುಜಾತಾರಿ."

ಈ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅದನ್ನೇ ನೆನೆದು ನಾನು ಬಹಳ ದಿನ ನೆಮ್ಮದಿಯಾಗಿ ಊಟ ಮಾಡಿದೆ. ನೀನು ಮಧ್ಯಾಹ್ನ ಬಸ್ಸಿಳಿದು ಓಡಿ ಬಂದು, "ಸರ್, ನಾ ಫೋನಿನ್ಯಾಗ ಹೇಳಿದ್ನಲ್ರಿ, ಅಳಸ್ರಿ ಅಂತ?" ಎಂದಾಗ, ಎಲ್ಲರೆದುರು ನಿನ್ನ ಮುಖ ನೋಡಿ ಕೇಳಿದೆ —

"ಯಾವಾಗ?"

ಅಷ್ಟೇ. ನಮ್ಮ ಮಾಲೀಕರು ನಿನ್ನನ್ನು ಅಂದೇ ಕೆಲಸದಿಂದ ಬಿಡಿಸಿದರು. ಈ ನಾಲ್ಕು ತಾಲ್ಲೂಕಿನಲ್ಲಿ ಈ ಕೆಲಸ ಮಾಡುವವರು ಬೆರಳೆಣಿಕೆಯ ಜನ, ಎಲ್ಲರೂ ಒಬ್ಬರಿಗೊಬ್ಬರು ಪರಿಚಯ. ಯಾರೂ ನಿನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನನ್ನನ್ನು ಕೇಳಿದವರಿಗೆ ನಾನು "ಹುಷಾರಿ ಅದಾಳ, ಖರೆ, ಆದ್ರ..." ಎನ್ನುತ್ತಿದ್ದೆ. ಮಾತು ಮುಗಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೆ ಇದರಲ್ಲಿ ಬಹುಪಾಲು ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲ ಎಂದು ನಾನು ಅಂದುಕೊಂಡಿದ್ದ ಒಂದು ಮಾತಿದೆ. ಆ ಸಂಜೆ ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕುತ್ತಿದ್ದಾಗ ನಿಮ್ಮಪ್ಪ ಬಂದರು. ಬಾಗಿಲಲ್ಲೇ, ಸಿಬ್ಬಂದಿಯೆಲ್ಲ ನೋಡುತ್ತಿದ್ದಂತೆ, ನನಗೆ ಕೈಮುಗಿದರು. "ಮಗಳ ಕಡಿಂದ ತಪ್ಪಾತ್ರಿ ಸಾಹೇಬ್ರ. ನಿಮ್ಮ ಹೆಸರು ಕೆಟ್ತು. ಹೊಟ್ಯಾಗ ಹಾಕ್ಕೋರಿ" ಎಂದರು. ಸ್ವಿಚ್ಚಿನ ಡಬ್ಬಿ ಹೊತ್ತು ತಂದ ಅದೇ ಕೈಗಳು. ನಾನು ಏನು ಮಾಡಿದೆ ಗೊತ್ತೇ? ಕ್ಷಮಿಸಿದೆ. "ಇರ್ಲಿ ಬಿಡು ದುರ್ಗಪ್ಪ, ಇನ್ನೂ ಸಣ್ಣಾಕಿ" ಎಂದೆ. ನನ್ನ ದೊಡ್ಡ ಮನಸ್ಸನ್ನು ಅಲ್ಲಿದ್ದವರೆಲ್ಲ ಮೆಚ್ಚಿದರು.

ಇದನ್ನು ಹೇಳಲೆಂದೇ ಹೋದ ವಾರ ನಿನ್ನ ಅಂಗಡಿಗೆ ಬಂದೆ. ನೀನು ಕೇಬಲ್ಲಿಗೆ ಜಾಕ್ ಹಾಕುತ್ತಿದ್ದೆ. ಕೂರಲು ಹೇಳಲಿಲ್ಲ. ನಾನು ನಿಂತೇ ಒದರಿದೆ. ನೀನು ಇಕ್ಕಳ ಕೆಳಗಿಡದೆ ಕೇಳಿದೆ.

"ನನಗ್ಯಾಕ ಹೇಳಾಕತ್ತೀರಿ? ನಾ ಮಾಡಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ತು."

"ನಿಮ್ಮಪ್ಪಗ ಒಂದ್ ಮಾತು ಹೇಳಬೇಕಾಗಿತ್ತು" ಎಂದೆ.

ಆಗ ನೀನು ತಲೆಯೆತ್ತಿದೆ. "ನಮ್ಮಪ್ಪ ತೀರಿಕೊಂಡು ಎರಡ್ ವರ್ಷ ಆತು. ನಾ ಮಾಡಿಲ್ಲಪ್ಪ ಅಂತ ಎಷ್ಟ್ ಸಲ ಹೇಳಿದೆ. ನಂಬಲಿಲ್ಲ. ಸಾಹೇಬ್ರು ಅಷ್ಟ್ ಮಂದಿ ಮುಂದ ದೊಡ್ಡ ಮನಸ್ಸು ಮಾಡಿ ಬಿಟ್ಟಾರ, ನೀ ಇನ್ನೂ ಅವರ ಮ್ಯಾಲ ಹಾಕ್ತೀಯಲ್ಲ ಅಂದ. ಆಸ್ಪತ್ರಿಯೊಳಗೂ ಅದನ್ನ ಅಂದ." ಮತ್ತೆ ಕೇಬಲ್ಲಿನ ಕಡೆ ತಿರುಗಿದೆ. "ಅವನ ಕಡಿಂದ ಕೈ ಮುಗಿಸ್ಕೊಂಡ್ರಲ್ಲ, ಆ ಬಾಗಿಲದಾಗ ನಿಂತು ಹೇಳ್ರಿ. ನನ್ನ ಅಂಗಡಿಗೆ ಬರಬ್ಯಾಡ್ರಿ."

ಬರುವುದಿಲ್ಲ. ನಮ್ಮ ಮಾಲೀಕರಿಗೆ ಎಲ್ಲ ಬರೆದುಕೊಟ್ಟೆ. "ಹಳೇದು, ಈಗ್ಯಾಕ ಕೆದರ್ತಿ" ಎಂದರು. ನನ್ನ ಕೆಲಸ ಉಳಿಯುವುದೋ ಇಲ್ಲವೋ, ಅದು ನಿನಗೆ ಬೇಕಾದ ಸುದ್ದಿಯಲ್ಲ. ಪ್ರಾಚಾರ್ಯರನ್ನು ಕೇಳಿದ್ದೇನೆ, ಸೋಮವಾರ ಬೆಳಿಗ್ಗೆ ಸಿಬ್ಬಂದಿಯೆಲ್ಲ ಸೇರುತ್ತಾರೆ. ಆ ಬಾಗಿಲಲ್ಲೇ ನಿಂತು, ಲಾಗ್ ಅಳಿಸಿದ್ದರಿಂದ ಹಿಡಿದು "ಯಾವಾಗ?" ಎಂದದ್ದರವರೆಗೆ ಎಲ್ಲ ಹೇಳುತ್ತೇನೆ. ಅಂದು ಇದ್ದವರಲ್ಲಿ ಅರ್ಧ ಜನ ಈಗ ಅಲ್ಲಿಲ್ಲ. ಬಾಗಿಲು ತೆಗೆಯಲು ಬೇರೊಬ್ಬ ಸಿಪಾಯಿ ಬಂದಿದ್ದಾನಂತೆ. ದುರ್ಗಪ್ಪ ಯಾರೆಂದು ಅವನಿಗೆ ತಿಳಿಯದು. ಅವನಿಗೆ ಮೊದಲು ಹೇಳುತ್ತೇನೆ.