ಗುಂಡಮ್ಮನ ಪಾಲಿನ ಗರಿಕೆ

ಒಣಹುಲ್ಲಿನ ವಾಸನೆ ಮೂಗಿಗೆ ಬಡಿದರೆ ನಮ್ಮವರಿಗೆಲ್ಲ ಊರು ನೆನಪಾಗುತ್ತದೆ. ಕಣ, ಬಣವೆ, ಎತ್ತಿನ ಕೊರಳ ಗಂಟೆ ಎಂದು ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ನನಗೆ ಮಾತ್ರ ನೆನಪಾಗುವುದು ಸ್ಯಾನ್ ಮಟಿಯೋದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ, ಅದರ ಕಂದು ಬಣ್ಣದ ಕಾರ್ಪೆಟ್ಟು, ಬಾಲ್ಕನಿಯ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದ ನನ್ನ ಅಜ್ಜಿ. ಮೊನ್ನೆ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿ ಬರುವಾಗ ಫ್ರೀವೇಯಲ್ಲಿ ಹುಲ್ಲಿನ ಪೆಂಡಿ ಹೇರಿಕೊಂಡ ಟ್ರಕ್ಕೊಂದು ನಮ್ಮ ಮುಂದೆ ಹೋಗುತ್ತಿತ್ತು. ಕಿಟಕಿ ಇಳಿಸಿದೆ. ಆ ವಾಸನೆ ಒಳಗೆ ನುಗ್ಗಿದ್ದೇ ತಡ, ಸ್ಟಿಯರಿಂಗ್ ಹಿಡಿದವಳು ಎಂಟು ವರ್ಷದ ಹುಡುಗಿಯಾದೆ. ಹಿಂದಿನ ಸೀಟಿನಿಂದ ಮಗಳು "ಅಮ್ಮಾ, ಪ್ಲೀಸ್, ಕ್ಲೋಸ್ ದ ವಿಂಡೋ" ಎಂದು ಗೋಗರೆದಳು. ನಾನು ಟ್ರಕ್ಕು ತಿರುಗಿ ಹೋಗುವವರೆಗೂ ಮುಚ್ಚಲಿಲ್ಲ.

ಆ ಕಾಲ ನಿಮಗೂ ನೆನಪಿರಬಹುದು. ಹೆಸರಿನ ಕೊನೆಗೆ ಡಾಟ್ ಕಾಮ್ ಅಂಟಿಸಿಕೊಂಡರೆ ಸಾಕು, ಯಾರ ಕೈಗೆ ಬೇಕಾದರೂ ದುಡ್ಡು ಬರುತ್ತಿದ್ದ ಕಾಲ. ಅಪ್ಪನ ಕಂಪನಿ ಇಂಟರ್ನೆಟ್ಟಿನಲ್ಲಿ ಹೂಗುಚ್ಛ ಮಾರುತ್ತಿತ್ತು. ಲಾಭ ಎಂಬುದನ್ನು ಅಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಆದರೆ ಆಫೀಸಿನಲ್ಲಿ ಪಿಂಗ್‌ಪಾಂಗ್ ಟೇಬಲ್ಲಿತ್ತು, ಬಿಟ್ಟಿ ಐಸ್‌ಕ್ರೀಮಿತ್ತು, ತಲೆ ಬಿಸಿಯಾದವರು ಸವರಿ ಸಮಾಧಾನ ಮಾಡಿಕೊಳ್ಳಲೆಂದು ಬೂದು ಬಣ್ಣದ ಒಂದು ಮೊಲವೂ ಇತ್ತು. ಒಂದು ದಿನ ಕಂಪನಿ ಮುಚ್ಚಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಯಜಮಾನರು ಕ್ಷಮೆ ಕೇಳಿ ಎಲ್ಲರಿಗೂ ಕೈಗೆ ಸಿಕ್ಕಿದ್ದನ್ನು ಒಯ್ಯಲು ಹೇಳಿದರಂತೆ. ಅಪ್ಪ ಒಂದು ತಿರುಗುವ ಕುರ್ಚಿಯನ್ನೂ ಯಾರಿಗೂ ಬೇಡವಾದ ಆ ಮೊಲವನ್ನೂ ತಂದ. ಅಮ್ಮ ಬಾಗಿಲಲ್ಲೇ ನಿಂತು, "ಕೊನೇ ತಿಂಗಳ ಸಂಬಳ ಏನಾಯ್ತು?" ಎಂದು ಕೇಳಿದಳು. ಅಪ್ಪ ಪಂಜರವನ್ನು ಎತ್ತಿ ತೋರಿಸಿದ. ಅಮ್ಮನಿಗೆ ನಗು ಬಂತೋ ಅಳು ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಜ್ಜಿ, ಎಂದರೆ ಅಪ್ಪನ ತಾಯಿ, ಮಂಡ್ಯದ ಕಡೆಯ ಹಳ್ಳಿಯವಳು. ಆಗಷ್ಟೇ ನಮ್ಮನ್ನು ನೋಡಿಹೋಗಲು ಬಂದಿದ್ದಳು. ಕಾಲಿಗೆ ಬಿಳಿ ಸ್ನೀಕರ್ಸು, ಸೀರೆಯ ಮೇಲೆ ಅಪ್ಪನ ಹಳೇ ಸ್ವೆಟರು. ಮೊಲವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗಂಡೋ ಹೆಣ್ಣೋ ಎಂದೂ ನೋಡದೆ, "ಗುಂಡಮ್ಮ" ಎಂದು ಹೆಸರಿಟ್ಟಳು. ಹೆಣ್ಣೇ ಎಂದು ಆಮೇಲೆ ಗೊತ್ತಾಯಿತು. ಅಜ್ಜಿಯ ಊಹೆಗಳು ಹಾಗೆ, ಹತ್ತಕ್ಕೆ ಒಂಬತ್ತು ಸರಿಯಾಗುತ್ತಿದ್ದವು. ತಪ್ಪಿದ ಆ ಒಂದರಿಂದ ಗುಂಡಮ್ಮ ಸಾಯುವ ಸ್ಥಿತಿಗೆ ಬಂದಳು.

ಅದೃಷ್ಟಕ್ಕೆ ಗ್ರೀನ್ ಕಾರ್ಡು ಕೈಸೇರಿದ್ದರಿಂದ ನಾವು ಗಂಟುಮೂಟೆ ಕಟ್ಟಬೇಕಾಗಿರಲಿಲ್ಲ, ಆದರೆ ಸಂಬಳವಿಲ್ಲದ ಮನೆ ಎಲ್ಲಾದರೂ ಸಂಬಳವಿಲ್ಲದ ಮನೆಯೇ. ಅಮ್ಮ ಒಂದೊಂದೇ ಖರ್ಚನ್ನು ಕತ್ತರಿಸುತ್ತ ಬಂದಳು. ಹೊರಗಿನ ಊಟ ಹೋಯಿತು, ಕೇಬಲ್ ಹೋಯಿತು, ನನ್ನ ಡ್ಯಾನ್ಸ್ ಕ್ಲಾಸು ಹೋಯಿತು. ಸಾಕುಪ್ರಾಣಿಗಳ ಅಂಗಡಿಯ ಹುಲ್ಲಿನ ಚೀಲದ ಸರದಿ ಬಂದಾಗ ಅಜ್ಜಿಗಂತೂ ಪರಮಾಶ್ಚರ್ಯ. "ಹುಲ್ಲನ್ನೂ ಕಾಸು ಕೊಟ್ಟು ತರ್ತೀರೇನ್ಲಾ?" ಎಂದು ಅಪ್ಪನನ್ನು ಗದರಿದಳು. "ಇದೇನು ದನವಾ ಹುಲ್ಲು ಹಾಕೋಕೆ? ಮನೇಲಿ ಅನ್ನ ಅದೆ. ನಾವು ಉಣ್ಣೋದ್ರಲ್ಲೇ ಒಂದು ತುತ್ತು ಅದ್ಕೂ ಹಾಕುದ್ರಾಯ್ತು." ನಮ್ಮ ಕಡೆಯವರ ಪ್ರೀತಿಯ ರೀತಿಯೇ ಅದು: ಮನೆಯವರು ಎಂದಾದ ಮೇಲೆ ಮನೆಯ ಊಟವೇ ಆಗಬೇಕು. ಗುಂಡಮ್ಮನಿಗೆ ಬಡ್ತಿ ಸಿಕ್ಕಿತು. ಬೆಳಗಿನ ಪೂಜೆಯಾದ ಕೂಡಲೇ ನೈವೇದ್ಯದ ಹುರಿಗಡಲೆ, ಸಕ್ಕರೆ, ಬಾಳೆಹಣ್ಣು, ಮಧ್ಯಾಹ್ನ ಒಂದು ಹಿಡಿ ಅನ್ನ, ಸಂಜೆಗೆ ಅವಲಕ್ಕಿ. ಅವಳು ಒಂದು ಕಾಳನ್ನೂ ಬಿಡದೆ ತಿಂದು, ಕಾರ್ಪೆಟ್ಟಿನ ಮೇಲೆ ನೆಗೆದಾಡಿ, ಅಜ್ಜಿಯ ಸೆರಗು ಕಚ್ಚಿ ಇನ್ನೂ ಕೇಳುತ್ತಿದ್ದಳು. ಆ ಮುದ್ದು ನೋಡಿಕೊಂಡು ನಾವೆಲ್ಲ ಅಪ್ಪನ ಕೆಲಸದ ಚಿಂತೆ ಮರೆಯುತ್ತಿದ್ದೆವು.

ಗೌರಿ ಗಣೇಶ ಹಬ್ಬ ಹತ್ತಿರ ಬಂದಿದ್ದಾಗ ಗುಂಡಮ್ಮ ತಿನ್ನುವುದನ್ನು ಬಿಟ್ಟಳು. ಬಾಳೆಹಣ್ಣಿನ ಕಡೆಗೂ ತಿರುಗಿ ನೋಡಲಿಲ್ಲ. ಪಂಜರದ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತು ಹಲ್ಲು ಕಡಿಯುತ್ತಿದ್ದಳು. ದಿನವೂ ನಾನು ಬಳಿದು ಎಸೆಯುತ್ತಿದ್ದ ಹಿಕ್ಕೆ ಒಂದೂ ಇರಲಿಲ್ಲ. ಅಪ್ಪ ಕುರ್ಚಿಯಿಂದೆದ್ದ. ಕೆಲಸ ಹೋದಾಗಿನಿಂದ ಅವನು ಆ ತಿರುಗುವ ಕುರ್ಚಿಯಲ್ಲೇ ಕಂಪ್ಯೂಟರಿಗೆ ಮುಖ ಮಾಡಿ ಕೂತಿರುತ್ತಿದ್ದ, ಕರೆದರೂ ಏಳುತ್ತಿರಲಿಲ್ಲ. ಅವತ್ತು ಯಾರೂ ಕರೆಯದೆ ಎದ್ದು ಕಾರಿನ ಕೀ ತೆಗೆದುಕೊಂಡ. ಮೊಲವನ್ನು ಡಾಕ್ಟರಿಗೆ ತೋರಿಸುವಷ್ಟು ನಾವು ಅನುಕೂಲಸ್ಥರೇ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಾಲ್ವರೂ ಕಾರು ಹತ್ತಿದೆವು.

ಪ್ರಾಣಿವೈದ್ಯೆ ನೆರೆಗೂದಲಿನ, ಮೃದು ಮಾತಿನ ಹೆಂಗಸು. ಗುಂಡಮ್ಮನ ಹೊಟ್ಟೆ ಒತ್ತಿ ನೋಡಿ, ಏನು ತಿನ್ನಿಸುತ್ತೀರಿ ಎಂದು ಕೇಳಿದಳು. ಅಪ್ಪ ನಮ್ಮ ಪಟ್ಟಿ ಒಪ್ಪಿಸಿದಾಗ ಅವಳ ಹುಬ್ಬು ಮೇಲೇರಿತು. ಮೊಲದ ಹೊಟ್ಟೆ ಸದಾ ತಿರುಗುತ್ತಲೇ ಇರಬೇಕು, ಅದನ್ನು ತಿರುಗಿಸುವುದು ಹುಲ್ಲು. ಹುಲ್ಲಿಲ್ಲದೆ, ಬರೀ ಅನ್ನ ಸಕ್ಕರೆಯಿಂದ ಇವಳ ಹೊಟ್ಟೆ ನಿಂತೇಹೋಗಿದೆ ಎಂದಳು. ಆಸ್ಪತ್ರೆಯಲ್ಲಿ ಬಿಟ್ಟು ಹೋಗುವುದು ಒಳ್ಳೆಯದು ಎಂದು ಹೇಳಿ ಖರ್ಚಿನ ಅಂದಾಜನ್ನು ಮುಂದಿಟ್ಟಳು. ಅಪ್ಪ ಅದನ್ನು ಓದುತ್ತ ನಿಂತ. ಅಮ್ಮ ಓದಲಿಲ್ಲ. ಪಂಜರವನ್ನು ಎದೆಗೆ ಅವಚಿಕೊಂಡು, "ಟೆಲ್ ಅಸ್ ವಾಟ್ ಟು ಡು. ವಿ ವಿಲ್ ಡು ಇಟ್ ಅಟ್ ಹೋಂ" ಎಂದಳು. ವೈದ್ಯೆ ಒಂದು ಇಂಜೆಕ್ಷನ್ ಕೊಟ್ಟು, ನೀರಲ್ಲಿ ಕಲಸಿ ಕುಡಿಸುವ ಪುಡಿ, ಕುಡಿಸಲು ಪ್ಲಾಸ್ಟಿಕ್ ಸಿರಿಂಜು ಕೊಟ್ಟು, ಬೆಚ್ಚಗಿಡಿ, ಹೊಟ್ಟೆ ಮೆಲ್ಲಗೆ ನೀವಿ ಎಂದು ಕಲಿಸಿದಳು. ತಾನಾಗಿ ತಿನ್ನಲು ಶುರು ಮಾಡಿದರೆ ಬದುಕುತ್ತಾಳೆ, ಮಾಡದಿದ್ದರೆ ಇಲ್ಲ ಎಂದೂ ಹೇಳಿದಳು.

ಕಾರಿನಲ್ಲಿ ಅಪ್ಪ ಇದನ್ನೆಲ್ಲ ಅಜ್ಜಿಗೆ ಕನ್ನಡದಲ್ಲಿ ಹೇಳಿದ. ಅಜ್ಜಿ ಸ್ವೆಟರಿನ ತೋಳು ಮಡಚಿಕೊಂಡು, "ಸರಿ ಬುಡು. ಕೆಡುಸ್ದೋಳು ನಾನು, ನೆಟ್ಟಗೆ ಮಾಡೋಳೂ ನಾನೇ. ಎಷ್ಟು ಕೂಸುಗಳ ಹೊಟ್ಟೆಯುಬ್ರ ಇಳಿಸಿವ್ನಿ, ಇದೊಂದು ಯಾವ ಲೆಕ್ಕ?" ಎಂದಳು. ನನಗೆ ಅಲ್ಲಿಗೆ ಭಯ ಹೋಯಿತು. ವೈದ್ಯೆಯ ಮಾತಿಗಿಂತ ಅಜ್ಜಿಯ ಆ ಮಡಚಿದ ತೋಳು ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ಅಲ್ಲಿಂದ ನಮ್ಮ ನಡುಮನೆ ಬಾಣಂತಿ ಕೋಣೆಯಾಯಿತು. ಅಮ್ಮ ಇಸ್ತ್ರಿಪೆಟ್ಟಿಗೆಯಿಂದ ಹತ್ತಿಬಟ್ಟೆ ಬೆಚ್ಚಗೆ ಮಾಡಿ ಕೊಡುವಳು, ಅಜ್ಜಿ ಅದನ್ನು ತನ್ನ ಕೆನ್ನೆಗೆ ಒತ್ತಿ ನೋಡಿ ಆಮೇಲೆ ಗುಂಡಮ್ಮನ ಹೊಟ್ಟೆಗೆ ಕಾವು ಕೊಡುವಳು. ಅಪ್ಪ ಪುಡಿ ಕಲಸುವವನು, ನಾನು ಕಿವಿ ಸವರುವವಳು. ಸಿರಿಂಜು ಕಂಡರೆ ಗುಂಡಮ್ಮ ಒದ್ದಾಡಿ ಎಲ್ಲವನ್ನೂ ಚೆಲ್ಲುತ್ತಿದ್ದಳು. ಅಜ್ಜಿ ದೇವರ ಗೂಡಿನ ಖಾನೆಯಿಂದ ಬೆಳ್ಳಿಯ ಒಳಲೆ ತೆಗೆದಳು. ನಾನು ಎಳೆಗೂಸಾಗಿದ್ದಾಗ ನನಗೆ ಹಾಲು ಕುಡಿಸಿದ್ದು ಅದರಲ್ಲೇ. ಅಮ್ಮ "ಅತ್ತೆ, ಅದು ಬೆಳ್ಳೀದು..." ಎಂದು ರಾಗ ಎಳೆದಳು. "ಬಾಯಿಗೇನವ್ವ ಗೊತ್ತು ಬೆಳ್ಳೀದೋ ಮಣ್ಣಿಂದೋ" ಎಂದು ಅಜ್ಜಿ ಒಳಲೆಯ ಮೂತಿಯನ್ನು ಗುಂಡಮ್ಮನ ಬಾಯಿಯ ಬದಿಗೆ ಇಟ್ಟು, ತೊಟ್ಟು ತೊಟ್ಟಾಗಿ ಇಳಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಆದರೆ ಗುಂಡಮ್ಮ ಕುಡಿಸಿದ್ದನ್ನು ನುಂಗುತ್ತಿದ್ದಳೇ ಹೊರತು ತಾನಾಗಿ ಏನನ್ನೂ ತಿನ್ನಲಿಲ್ಲ. ಅಪ್ಪ ಹೋಗಿ ಹುಲ್ಲಿನ ಚೀಲ ತಂದ. ಮನೆಯೆಲ್ಲ ಘಮ್ಮೆಂದಿತು. ಗುಂಡಮ್ಮ ಮುಖ ತಿರುಗಿಸಿದಳು.

ಈಗ ಗರಿಕೆಯ ವಿಷಯ ಹೇಳಬೇಕು. ಈ ದೇಶದ ಲಾನುಗಳ ಹುಲ್ಲಿಗೆ ಮಡಿಯಿಲ್ಲ ಎಂಬುದು ಅಜ್ಜಿಯ ತೀರ್ಮಾನ. ಗಣಪನಿಗೆ ಗರಿಕೆಯೇ ಆಗಬೇಕು. ಬಂದ ಹೊಸದರಲ್ಲೇ ಅವಳು ಕಾರು ನಿಲ್ಲಿಸುವ ಜಾಗದ ಸಿಮೆಂಟು ಬಿರುಕಿನಲ್ಲಿ ನಾಲ್ಕೆಳೆ ಗರಿಕೆ ಕಂಡು, ಬೇರುಸಹಿತ ಕಿತ್ತು ತಂದು, ಐಸ್‌ಕ್ರೀಮಿನ ಖಾಲಿ ಡಬ್ಬಿಯಲ್ಲಿ ನೆಟ್ಟು ಬಾಲ್ಕನಿಯಲ್ಲಿ ಬೆಳೆಸುತ್ತಿದ್ದಳು. ಅಕ್ಕಿ ತೊಳೆದ ನೀರೆಲ್ಲ ಅದಕ್ಕೇ. ನಾನು ಬೆರಳು ತಾಕಿಸಿದರೂ ಬೈಯುತ್ತಿದ್ದಳು. ಹಬ್ಬದ ಹೊತ್ತಿಗೆ ಅದು ಡಬ್ಬಿಯಿಂದ ಹೊರಚೆಲ್ಲಿ ಇಳಿಬಿದ್ದಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಮ್ಮ ಕಡುಬಿಗೆ ಕಾಯಿ ತುರಿಯುತ್ತಿದ್ದಳು. ಬಾಲ್ಕನಿಯ ಬಾಗಿಲು ತೆರೆದಿತ್ತು, ಅಜ್ಜಿ ಹೊಸ್ತಿಲ ಬಳಿ ಗುಂಡಮ್ಮನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೊಲ್ಲಿಯ ಕಡೆಯಿಂದ ಗಾಳಿ ಬಂತು. ಗುಂಡಮ್ಮನ ಮೂಗು ಅಲುಗಿದ್ದನ್ನು ನಾನು ಮೊದಲು ಕಂಡೆ. ಅಜ್ಜಿಯೂ ಕಂಡಳು. ಗುಂಡಮ್ಮನ ಕತ್ತು ಡಬ್ಬಿಯ ಕಡೆಗೆ ಇಷ್ಟೇ ಇಷ್ಟು ಚಾಚಿತ್ತು. ಅಜ್ಜಿ ಕೈ ನೀಡಿ ಒಂದು ಗರಿಕೆ ಚಿವುಟಿ ಅವಳ ಬಾಯಿಗೆ ಹಿಡಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕರಕರ ಎಂದು ಸದ್ದು ಬಂತು. ಅಡುಗೆಮನೆಯಲ್ಲಿ ತುರಿಯುವ ಸದ್ದು ನಿಂತಿತು. ಅಜ್ಜಿ ಇನ್ನೊಂದು ಚಿವುಟಿದಳು, ಮತ್ತೊಂದು ಚಿವುಟಿದಳು.

"ಅತ್ತೆ, ನಾಳೆ ಪೂಜೆಗೆ ಏನ್ಮಾಡೋದು?" ಎಂದು ಅಮ್ಮ ಕೇಳಿದಳು.

"ಅವನಿಗೇನವ್ವ ಕಮ್ಮಿ? ಕಡುಬು ಅದೆ, ಚಕ್ಲಿ ಅದೆ, ಊರೂರೇ ಬಡಿಸ್ತದೆ. ಇದ್ಕೆ ಯಾರವ್ರೆ?" ಎಂದು ಅಜ್ಜಿ ಡಬ್ಬಿಯನ್ನೇ ಒಳಗೆ ಎಳೆದುಕೊಂಡಳು. ದೇವರಿಗೆ ಮುಟ್ಟುವ ಮೊದಲು ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಗೊಡದ ನನ್ನ ಅಜ್ಜಿ, ದೇವರ ಪಾಲಿನ ಗರಿಕೆಯನ್ನು ಬುಡಮಟ್ಟ ಮೊಲಕ್ಕೆ ತಿನ್ನಿಸಿದಳು. ಅಪ್ಪ ಕತ್ತರಿ ಹಿಡಿದು, ಬಿರುಕಿನಲ್ಲಿ ಮತ್ತೆ ಚಿಗುರಿದ್ದನ್ನೂ ಅವಳಿಗೆ ತರಲು ಮೆಟ್ಟಿಲಿಳಿದು ಓಡಿದ.

ಹಬ್ಬದ ಬೆಳಿಗ್ಗೆ ಪಂಜರದಲ್ಲಿ ಹಿಕ್ಕೆ ಬಿದ್ದಿತ್ತು. ನಾನು ಕೂಗಿದ ಕೂಗಿಗೆ ಮೂವರೂ ಓಡಿಬಂದರು. ರೇಷ್ಮೆ ಸೀರೆಯುಟ್ಟು ಆರತಿ ತಟ್ಟೆ ಹಿಡಿದ ಅಮ್ಮ ಮೊಲದ ಹಿಕ್ಕೆ ನೋಡಿ ಕಣ್ಣೀರು ಹಾಕಿದ್ದಕ್ಕೆ ಅವಳನ್ನು ಈಗಲೂ ರೇಗಿಸುತ್ತೇನೆ. ಆಮೇಲೆ ಪೂಜೆ. ಪುರೋಹಿತರಿಲ್ಲದ ನಮ್ಮಂಥ ಮನೆಗಳಲ್ಲಿ ಆಗ ಕ್ಯಾಸೆಟ್ಟೇ ಪುರೋಹಿತರು. ಗರಿಕೆ ಏರಿಸಿ ಎಂದು ಕ್ಯಾಸೆಟ್ಟು ಹೇಳಿದಾಗ ಅಪ್ಪ ಬೋಳು ಡಬ್ಬಿಯನ್ನು ನೋಡಿ ಅಜ್ಜಿಯ ಮುಖ ನೋಡಿದ. "ಅಕ್ಷತೆ ಹಾಕ್ಲಾ. ಇಲ್ದಿದ್ದಕ್ಕೆಲ್ಲ ಅಕ್ಷತೆ" ಎಂದಳು ಅಜ್ಜಿ. ಆ ವರ್ಷ ನಮ್ಮ ಮನೆಯಲ್ಲಿ ಇಲ್ಲದ್ದು ಬಹಳವಿತ್ತು, ಆದರೆ ಅಕ್ಕಿಗೆ ಬರವಿರಲಿಲ್ಲ. ಅಪ್ಪ ಎರಡೂ ಕೈತುಂಬ ಅಕ್ಷತೆ ತೆಗೆದು ನಗುತ್ತ ಗಣಪನ ಮೇಲೆ ಸುರಿದ.

ವೀಸಾ ಮುಗಿದು ಅಜ್ಜಿ ಊರಿಗೆ ಹೋದಳು. ಅಪ್ಪನಿಗೆ ಕೆಲಸ ಸಿಕ್ಕಿತು, ಹುಲ್ಲಿನ ಚೀಲ ಮನೆಯಲ್ಲಿ ಎಂದೂ ತಪ್ಪಲಿಲ್ಲ. ಭಾನುವಾರಗಳಂದು ಫೋನ್ ಕಾರ್ಡಿನ ಉದ್ದನೆಯ ನಂಬರು ಒತ್ತಿ ಊರಿಗೆ ಕರೆ ಮಾಡಿದರೆ, ಅಜ್ಜಿ ನಮ್ಮ ಯೋಗಕ್ಷೇಮಕ್ಕಿಂತ ಮೊದಲು "ಗುಂಡಮ್ಮ ತಿಂದ್ಳಾ?" ಎಂದು ಕೇಳುತ್ತಿದ್ದಳು. ತಿಂದಳು ಎಂದರೆ ಮಾತ್ರ ಮುಂದಿನ ಮಾತು. ಗುಂಡಮ್ಮ ಚೆನ್ನಾಗಿ ತಿಂದು ಮುದುಕಿಯಾದಳು, ಅಜ್ಜಿ ಹೋದ ಮೇಲೂ ಬಾಳಿದಳು. ಅಜ್ಜಿ ಹೋದ ಸುದ್ದಿ ಬಂದಾಗ ಅಪ್ಪ ಫೋನ್ ಇಟ್ಟು, ನಮ್ಮಿಬ್ಬರ ಕಡೆಗೂ ನೋಡದೆ, ಕಾರ್ಪೆಟ್ಟಿನ ಮೇಲೆ ಕೂತು ಗುಂಡಮ್ಮನನ್ನು ಎತ್ತಿಕೊಂಡ. "ಅವ್ವ ಹೋದ್ಲು ಕಣೇ" ಎಂದು ಅವಳಿಗೆ ಹೇಳಿದ. ನಮಗೆ ಗೊತ್ತಾದದ್ದು ಹಾಗೆ.

ಆ ಅಪಾರ್ಟ್‌ಮೆಂಟನ್ನು ಕೆಡವಿ ಗಾಜಿನ ಕಟ್ಟಡ ಕಟ್ಟಿದ್ದಾರೆ. ಕುರ್ಚಿ ಮುರಿಯಿತು, ಕ್ಯಾಸೆಟ್ಟು ಹಾಕಲು ಯಂತ್ರವಿಲ್ಲ, ಒಳಲೆ ನನ್ನ ಬಳಿ ಇದೆ. ಈಗ ಗರಿಕೆ ಇಂಡಿಯನ್ ಗ್ರೋಸರಿಯಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ; ಪ್ರತಿ ಹಬ್ಬಕ್ಕೂ ತರುತ್ತೇನೆ. ಆದರೆ ಗರಿಕೆ ಏರಿಸುವ ಹೊತ್ತಿಗೆ ನನ್ನ ಕೈ ಅಕ್ಷತೆಯ ಬಟ್ಟಲಿಗೇ ಹೋಗುತ್ತದೆ. ಈ ಸಲ ಮಗಳು ಪಿಸುಗುಟ್ಟಿದಳು: "ಅಮ್ಮಾ, ದ ಗ್ರಾಸ್ ಈಸ್ ರೈಟ್ ದೇರ್." ನಾನು "ಅದು ಗುಂಡಮ್ಮಂದು ಪುಟ್ಟಾ" ಎಂದೆ. ಸಂಜೆ ಆ ಕಟ್ಟನ್ನು ಬಿಚ್ಚಿ ಹಿತ್ತಲ ಬೇಲಿಯ ಬುಡದಲ್ಲಿ ಹರಡಿ ಬಂದೆ, ಪ್ರತಿ ವರ್ಷದ ಹಾಗೆ. ತಿನ್ನುವವಳು ಇಲ್ಲ, ಅದು ನನಗೂ ಗೊತ್ತು. ತಿಂದ್ಳಾ ಎಂದು ಕೇಳುವವಳೂ ಇಲ್ಲ.