ಹೊಸ್ತಿಲು ಮರೆತ ಇಂಜಿನಿಯರು

ನಮ್ಮ ಯಜಮಾನರ ಬಲಗಾಲಿನ ಹೆಬ್ಬೆರಳು ನೇರಳೆಹಣ್ಣಿನಂತೆ ಊದಿ ಕಪ್ಪಾಗಿದ್ದು ನನ್ನ ಬುದ್ಧಿವಂತಿಕೆಯಿಂದ. ಚಿಕ್ಕಬಳ್ಳಾಪುರದಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಆ ಇಂಜಿನಿಯರರ ಬಳಿ ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ತಾವು ಕಟ್ಟಿಸಿದ ಕಟ್ಟಡದೊಳಕ್ಕೆ ಅವರು ಬರಿಗಾಲಲ್ಲಿ, ಸೂರು ನೋಡುತ್ತಲೇ ನಡೆಯುವವರು. "ನೆಲಾನ ಕಾಲು ನೋಡ್ಕೊಳ್ಳುತ್ತೆ, ಕಣ್ಣಿಗೆ ಬೇರೆ ಕೆಲಸ ಇದೆ" ಎನ್ನುತ್ತಿದ್ದರು. ದೇವಸ್ಥಾನಕ್ಕೆ ಹೋದರೂ ಕೈಮುಗಿಯುವ ಮೊದಲು ಯಾರು ಎಲ್ಲಿ ಕೂರುತ್ತಾರೆ, ಯಾರು ಹೊರಗೇ ನಿಂತುಬಿಡುತ್ತಾರೆ ಎಂದು ನೋಡುತ್ತಿದ್ದರು.

ಮಂಡಿಕಲ್ ಕಡೆಯ ಒಂದು ಹಳ್ಳಿಗೆ ಹಗಲು ಇಸ್ಕೂಲು, ಸಂಜೆ ಭಜನೆ ಎರಡಕ್ಕೂ ಆಗುವಂಥ ಒಂದೇ ಕಟ್ಟಡ ಮಾಡಿದರು. ಊರಾಚೆಯ ಕೇರಿಯವರೂ ಅದರೊಳಗೆ ಬರಬೇಕೆಂಬುದು ಅವರ ಹಟ. ಊರ ಗೌಡರು ಅರೆಮನಸ್ಸಿನಿಂದ ಒಪ್ಪಿದ್ದರು. ಕೆಲಸ ಮುಗಿದ ಮೇಲೆ ನೋಡುತ್ತೇನೆ, ಬಾಗಿಲಿಗೆ ಹೊಸ್ತಿಲೇ ಇಲ್ಲ. ಇಷ್ಟು ಓದಿದವರು ಮರೆತಿದ್ದಾರಲ್ಲ ಎಂದು ನನ್ನೊಳಗಿನ ಮಹಾಶಿಲ್ಪಿ ಎದ್ದು ಕೂತ. ಇಸ್ಕೂಲು ಶುರುವಾಗುವ ಹಿಂದಿನ ದಿನ, ಆನೆಯನ್ನೂ ತಡೆಯುವಂಥ ಕಲ್ಲೊಂದನ್ನು ಕೂರಿಸಿಯೇಬಿಟ್ಟೆ. ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು.

ಬೆಳಿಗ್ಗೆ ಯಜಮಾನರು ಸೂರು ನೋಡುತ್ತ ಬಂದರು, ಎಡವಿದರು, ಬೆರಳು ಹಿಡಿದು ಅಲ್ಲೇ ಕೂತರು. ಮಕ್ಕಳನ್ನು ಕರೆತಂದಿದ್ದ ಕೇರಿಯವರು ಆ ಕಲ್ಲು ಕಂಡು ಅಂಗಳದಲ್ಲೇ ನಿಂತಿದ್ದರು.

"ಪೂಜೆ ಆದ್ಮೇಲೆ ಅದು ದೇವರ ಬಾಗಿಲು ಸ್ವಾಮಿ, ಅವರು ಹೆಂಗೆ ದಾಟ್ತಾರೆ? ಕೀಳಕ್ಕೂ ಆಗಲ್ಲ" ಎಂದು ಗೌಡರು ಮೀಸೆಯಲ್ಲೇ ನಕ್ಕರು.

"ಹೊಸ್ತಿಲಿದ್ರೆ ತಾನೆ ಜನ ನಿಂತ್ಕೊಳ್ಳೋದು? ಅದಕ್ಕೇ ಕಣಯ್ಯ ನಾನು ಹಾಕಿರಲಿಲ್ಲ" ಎಂದು ಯಜಮಾನರು ನನ್ನ ಕಡೆ ತಿರುಗಿದರು. ಆಮೇಲೆ ಕೇಳಿದರು: "ಈ ಸೂರು ಯಾವುದರ ಮೇಲೆ ನಿಂತಿದೆ?"

"ಕಲ್ಲುಕಂಬದ ಮೇಲೆ, ಸಾರ್."

"ಮತ್ತೆ ಗೋಡೆ?"

"ಗಾಳಿಗೆ ಅಡ್ಡ, ಸಾರ್."

"ಹಂಗಾದ್ರೆ ಹಾರೆ ತಗೊ. ಗೌಡ್ರೆ, ನಿಮ್ಮ ಹೊಸ್ತಿಲು ಅಲ್ಲೇ ಇರ್ಲಿ ಬಿಡಿ."

ಮೊದಲ ಇಟ್ಟಿಗೆ ನನ್ನ ಕಾಲ ಮೇಲೇ ಬಿತ್ತು. ಗುರುದಕ್ಷಿಣೆ ಅಷ್ಟರಮಟ್ಟಿಗೆ ಸಂದಿತು. ಕೇರಿಯ ಗಂಡಸರೂ ಹಾರೆ ಹಿಡಿದರು. ಮಧ್ಯಾಹ್ನಕ್ಕೆ ಮೂರು ಗೋಡೆ ನೆಲಕ್ಕೆ ಬಿದ್ದು ಮಂಟಪವೊಂದು ಎದ್ದು ನಿಂತಿತು. ಮಕ್ಕಳು ಕೂಗುತ್ತ ಮೂರು ಕಡೆಯಿಂದಲೂ ನುಗ್ಗಿದರು, ಹಿಂದೆಯೇ ದೊಡ್ಡವರು. ಬಾಗಿಲಲ್ಲಿ ಒಬ್ಬರೇ ಉಳಿದ ಗೌಡರು ಸ್ವಲ್ಪ ಹೊತ್ತು ನೋಡಿ, ಪಕ್ಕದಿಂದಲೇ ಒಳಗೆ ಬಂದು ಕೂತರು. ಯಜಮಾನರು ಕುಂಟುತ್ತಲೇ ಒಂದು ಸುತ್ತು ಹಾಕಿದರು. ಅಂಥ ಗತ್ತಿನ ನಡಿಗೆಯನ್ನು ನಾನು ಮತ್ತೆ ನೋಡಲಿಲ್ಲ.

ನಾನು ಮುಖ ಮುಚ್ಚಿಕೊಂಡು ಜೀಪು ಹತ್ತುವಾಗ ಕೇರಿಯ ಅಜ್ಜಿಯೊಬ್ಬಳು ಹತ್ತಿರ ಬಂದಳು. "ಇದ್ದಿದ್ದು ಒಂದೇ ಬಾಗಿಲು ನಾಯನಾ. ಅದಕ್ಕೆ ನೀನು ಕಲ್ಲು ಹಾಕಿದ್ದಕ್ಕೆ ತಾನೆ ನಮಗೆ ಮೂರು ದಿಕ್ಕು ಸಿಕ್ಕಿದ್ದು? ಇನ್ನೊಂದು ಊರಲ್ಲಿ ಕಟ್ಟೋವಾಗ್ಲೂ ಹಿಂಗೇ ತಪ್ಪು ಮಾಡಪ್ಪ."