ಹೇಳಿಕೊಡದ ನಮ್ಮ ಸರ್

ಅವರ ಬಲಗೈ ತೋರುಬೆರಳಿನ ಉಗುರು ಉದ್ದವಾಗಿ ಬೆಳೆದು ಹಳದಿಗಟ್ಟಿತ್ತು. ಅದರಿಂದ ನಮ್ಮ ಕಂಪ್ಯೂಟರ್ ಪರದೆಯನ್ನು ಟಕಟಕ ಕುಟ್ಟಿ, "ಇಲ್ಲೇ ಐತಲ್ಲ, ಕಣ್ಣ ಬಿಟ್ಟ ನೋಡು" ಅನ್ನುತ್ತಿದ್ದರು. ಕೊಪ್ಪಳದ ಕಾಲೇಜಿನಲ್ಲಿ ನಮಗೆ ನೆಟ್‌ವರ್ಕಿಂಗ್ ಕಲಿಸಿದ, ಅಂದರೆ ಕಲಿಸಿದೆ ಎಂದು ಸಂಬಳ ಎಣಿಸಿದ ಸರ್ ಅವರು. ಎಲ್ಲಿ ಐತಿ, ಏನು ಐತಿ ಎಂದು ಒಂದು ದಿನವೂ ಹೇಳಿದವರಲ್ಲ. ಅವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿವೃತ್ತಿಯಾದ ಮೇಲೆ ಯಲಬುರ್ಗಾದ ಮನೆಯಲ್ಲಿ ಕೂತು ಅವರೊಂದು ಲೈಬ್ರರಿ ಬರೆದರು. ಒಂದು ಯಂತ್ರದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಕೋಡ್ ಅದು. ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟರು. ಹಗುರವಾಗಿತ್ತು, ಸಣ್ಣ ಯಂತ್ರದಲ್ಲೂ ಓಡುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಹೇಗೆ ಬಳಸಬೇಕು ಎಂಬುದಕ್ಕೆ ಇದ್ದದ್ದು ಒಂದೇ ಸಾಲು: "ಕೋಡ್ ಓದಿಕೊಳ್ಳಿ." ಊಟಕ್ಕೆ ಕರೆದು ಅಡುಗೆಮನೆಗೆ ಬೀಗ ಹಾಕಿದ ಹಾಗೆ.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಸ್ವಂತದ ಮೊದಲ ಕೆಲಸ ಹಿಡಿದಿದ್ದೆ. ಭತ್ತ ಒಣಗಿಸುವ ಡ್ರೈಯರಿನ ಕಾವು ಆಫೀಸಿನ ಪರದೆಯ ಮೇಲೆ ಕಾಣಬೇಕು, ಮಿತಿ ಮೀರಿದರೆ ಗಂಟೆ ಹೊಡೆದುಕೊಳ್ಳಬೇಕು. ಇದೊಂದು ಸರಿಹೋದರೆ ಸುತ್ತಲಿನ ಗಿರಣಿಗಳೂ ನನಗೆ ಸಿಗುತ್ತಿದ್ದವು. ಕೆಟ್ಟರೆ ಮತ್ತೆ ಇನ್ನೊಬ್ಬರ ಕೈಕೆಳಗೆ ದುಡಿಯಬೇಕು. ಸರ್ ಬರೆದ ಲೈಬ್ರರಿಯನ್ನೇ ಹಾಕಿದೆ. ಡ್ರೈಯರಿನ ಬಳಿಯ ಯಂತ್ರ, ಆಫೀಸಿನ ಯಂತ್ರ ಒಂದಕ್ಕೊಂದು ಮಾತೇ ಆಡಲಿಲ್ಲ. ಬಸ್ಸು ಹತ್ತಿ ಯಲಬುರ್ಗಾಕ್ಕೆ ಹೋದೆ.

"ಸರ್, ಯಾವುದನ್ನ ಮೊದಲ ಚಾಲೂ ಮಾಡಬೇಕ್ರಿ?"

"ಓದಿದೇನು?"

"ಓದೀನ್ರಿ. ತಿಳೀವಲ್ತು."

"ತಿಳಿಯೂತನಾ ಓದು. ನಾ ಹೇಳಿದ್ರ ನಿನ್ನ ತಲ್ಯಾಗ ನಿಂದರೂದಿಲ್ಲ."

ಅವರ ಹೆಂಡತಿ ಚಹಾ ತಂದಿಟ್ಟು, "ಅಷ್ಟು ಹೇಳ್ರಲಾ, ಪಾಪ, ಬಿಸಲಾಗ ಬಂದಾಳ" ಎಂದರು. ಸರ್ ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಅಷ್ಟು ಸೊಕ್ಕು! ಚಹಾದ ಜೊತೆ ಸಿಟ್ಟನ್ನೂ ನುಂಗಿ ಎದ್ದು ಬಂದೆ.

ತಿಣುಕಾಡಿ ಓದಿ, ಹೇಗೋ ಕೂಡಿಸಿದೆ. ಸುಗ್ಗಿ ಶುರುವಾಯಿತು. ಒಂದು ಮಧ್ಯಾಹ್ನ ಗಿರಣಿಯಲ್ಲಿ ಕರೆಂಟ್ ಹೋಯಿತು. ಆಫೀಸಿಗೆ ಇನ್ವರ್ಟರ್ ಇದ್ದುದರಿಂದ ಪರದೆ ಆರಲಿಲ್ಲ. ಜನರೇಟರ್ ಹಾಕಿದಾಗ ಡ್ರೈಯರ್ ಮತ್ತೆ ಶುರುವಾಯಿತು. ಪರದೆಯ ಮೇಲೆ ಮಾತ್ರ ಹಳೆಯ ಕಾವೇ ಹಾಗೇ ಕೂತಿತ್ತು. ಡ್ರೈಯರಿನೊಳಗೆ ಕಾವು ಮಿತಿ ಮೀರಿದರೂ ಗಂಟೆ ಹೊಡೆಯಲಿಲ್ಲ. ಡ್ರೈಯರ್ ನೋಡಿಕೊಳ್ಳುವವನು ಓಡಿ ಬರುವಷ್ಟರಲ್ಲಿ ಭತ್ತ ಅತಿಯಾಗಿ ಒಣಗಿತ್ತು. ಅದನ್ನು ಗಿರಣಿಗೆ ಹಾಕಿದರೆ ಬರುವುದು ಬರೀ ನುಚ್ಚು. ಮಾಲೀಕರ ಎದುರಿಗೇ ಸರ್‌ಗೆ ಫೋನ್ ಮಾಡಿದೆ.

"ಒಂದ ಕಡೆ ಕರೆಂಟ್ ಹೋದ್ರ ಇನ್ನೊಂದಕ್ಕ ಗೊತ್ತಾಗೂದಿಲ್ಲ" ಎಂದರು ಆರಾಮಾಗಿ. "ನಮ್ಮನ್ಯಾಗ ಹೋದ್ರ ಎರಡೂ ಮಷೀನ್ ಕೂಡೇ ಹೋಗ್ತಾವು, ಕೂಡೇ ಬರ್ತಾವು. ಅದನ್ನೇನ ಬರೀಬೇಕು?"

ಇನ್ವರ್ಟರ್ ಇಲ್ಲದ ತಮ್ಮ ಮನೆಯನ್ನೇ ಇಡೀ ಜಗತ್ತು ಅಂದುಕೊಂಡಿದ್ದ ಮನುಷ್ಯ! ಮಾಲೀಕರು, "ಸಾಕ್ರಿ ಮೇಡಂ, ನಿಮ್ಮ ಸಾಮಾನ ತಗೀರಿ" ಎಂದರು. ಆಮೇಲೆ ಗಂಗಾವತಿಯ ಯಾವ ಗಿರಣಿಯವರೂ ನನ್ನನ್ನು ಕರೆಯಲಿಲ್ಲ.

ಸಿಟ್ಟಿಗೇ ಆ ಕೋಡನ್ನು ಪೂರ್ತಿ ಓದಿದೆ. ತಪ್ಪು ತಿದ್ದಿ, ಬಳಸುವ ಬಗೆಯನ್ನೂ ಬರೆದು ಕಳಿಸಿದೆ. ತಿದ್ದಿದ್ದನ್ನು ಸೇರಿಸಿಕೊಂಡರು, ಬರೆದದ್ದನ್ನು ಬಿಟ್ಟರು. "ಎಲ್ಲಾ ಬರದಿಟ್ರ ಮಂದಿ ತಲಿ ಯಾವಾಗ ಓಡಸ್ತಾರ?" ಎಂದರು. ಆಮೇಲೆ ನಾನು ಅವರನ್ನು ಮಾತಾಡಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. "ಮಂದಿಗೆ ಪುಕ್ಕಟೆ ಕೊಟ್ಟ ಪುಣ್ಯಾತ್ಮ" ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೆ ಅಳು ಬರಲಿಲ್ಲ.

ಕೆಲವು ದಿನಗಳ ಮೇಲೆ ಕುಷ್ಟಗಿಯ ಎಣ್ಣೆ ಗಿರಣಿಯ ಎಂಜಿನಿಯರ್ ಒಬ್ಬರಿಂದ ನನಗೆ ಮೇಲ್ ಬಂತು. ಲೈಬ್ರರಿಯನ್ನು ಹೇಗೆ ಶುರು ಮಾಡಬೇಕು ಎಂದು ಕೇಳಿದ್ದರು. ನನ್ನನ್ನೇಕೆ ಕೇಳುತ್ತಾರೆ ಎಂದು ಇಂಟರ್ನೆಟ್ಟಿನಲ್ಲಿ ಲೈಬ್ರರಿಯ ಪುಟ ತೆರೆದು ನೋಡಿದರೆ, ನೋಡಿಕೊಳ್ಳುವವರ ಜಾಗದಲ್ಲಿ ತಮ್ಮ ಹೆಸರಿನ ಕೆಳಗೆ ಸರ್ ನನ್ನ ಹೆಸರು ಹಾಕಿದ್ದರು. ಬದಲಿಸುವ ಅಧಿಕಾರವನ್ನೂ ಕೊಟ್ಟಿದ್ದರು. ಅದನ್ನೂ ಹೇಳಿರಲಿಲ್ಲ. ಒಂದು ಫೋನ್ ಮಾಡಿದ್ದರೆ ಬಾಯಿ ಸವೆಯುತ್ತಿತ್ತೇ?

ಅವತ್ತೇ, ಅವರು ಬಿಟ್ಟಿದ್ದ ನನ್ನ ಬರಹವನ್ನು ಲೈಬ್ರರಿಯ ಜೊತೆ ಇಟ್ಟೆ. ಕುಷ್ಟಗಿಯವರು ಅದನ್ನು ಓದಿ, ಕೆಲಸ ಮುಗಿಸಿಕೊಂಡು ಫೋನ್ ಮಾಡಿದರು.

"ಭಾಳ ಛಲೋ ಬಿಡಿಸಿ ಬರದಾರ್ರಿ ನಿಮ್ಮ ಸರ್."

"ಅದನ್ನ ಅವರು ಬರದಿಲ್ರಿ" ಎಂದೆ. "ನಾ ಬರದೀನಿ."

ಈ ಮಾತನ್ನು ಸರ್ ಕೇಳಿಸಿಕೊಳ್ಳಬೇಕಿತ್ತು. ಅದಕ್ಕಾದರೂ ಇನ್ನೊಂದಿಷ್ಟು ದಿನ ಇರಬೇಕಿತ್ತು, ಹಟಮಾರಿ ಮನುಷ್ಯ.